ನಾಯಕಿಗೆ ಸಿಕ್ಕಿದ್ದು ಮೈಕು

ಭಾನುವಾರ ಊಟ ಮುಗಿಸಿ ಒಂದು ಹಳೇ ಇಂಗ್ಲಿಷ್ ಸಿನಿಮಾ ಹಾಕಿಕೊಂಡು ಕೂತಿದ್ದೆ. ಹೆಸರು ‘ವೀಲ್ ಮೀಟ್ ಅಗೇನ್’, 1943ರ ಬ್ರಿಟಿಷ್ ಚಿತ್ರ. ಎಲೆಗೆ ಸುಣ್ಣ ಸವರುತ್ತಾ ಬಂದ ನಮ್ಮತ್ತೆ, “ಯುದ್ಧದ ಸಿನಿಮಾನಾ?” ಅಂದರು. ಹೌದು ಅಂದೆ. ಅರ್ಧ ಗಂಟೆ ಕಳೆದ ಮೇಲೆ ಮತ್ತೆ, “ಅಳಿಯಂದಿರೇ, ಯುದ್ಧ ಯಾವಾಗ ಬರುತ್ತೆ?”

ಕೇಳಿದ್ದು ನ್ಯಾಯವೇ. ಲಂಡನ್ನಿನ ಮೇಲೆ ಬಾಂಬು ಬೀಳುತ್ತಿದ್ದ ಕಾಲದ ಕತೆಯಾದರೂ ನಾಯಕಿಯ ಕೈಯಲ್ಲಿರುವ ಆಯುಧ ಮೈಕು ಒಂದೇ. ಆಕೆ ಗಾಯಕಿ ವೆರಾ ಲಿನ್. ಈಸ್ಟ್ ಹ್ಯಾಮಿನ ಪ್ಲಂಬರನ ಮಗಳು, ಏಳನೇ ವಯಸ್ಸಿಗೇ ಕಾರ್ಮಿಕರ ಕ್ಲಬ್ಬುಗಳಲ್ಲಿ ಹಾಡಲು ನಿಂತವಳು. 1939ರಲ್ಲಿ ಆಕೆ ಹಾಡಿದ ಹಾಡಿನ ಹೆಸರನ್ನೇ ಸಿನಿಮಾಕ್ಕೂ ಇಟ್ಟರು. ಇಲ್ಲಿ ಆಕೆ ಪೆಗ್ಗಿ ಬ್ರೌನ್ ಎಂಬ ನರ್ತಕಿ. ಕುಣಿಯಲು ಬಂದವಳಿಗೆ ಹಾಡಲು ಬರುತ್ತದೆ ಅನ್ನುವುದು ಕತೆಯಲ್ಲಿ ಎಲ್ಲರಿಗೂ ಭಾರೀ ಆಶ್ಚರ್ಯ. ಟಿಕೆಟ್ ಕೊಂಡವರಿಗೆ ಮಾತ್ರ ಅದು ಮೊದಲೇ ಗೊತ್ತಿತ್ತು!

ಅತ್ತೆಯವರ ಮುಂದಿನ ತಕರಾರು ಮದುವೆಯದು. ಗೆಳತಿಗೆ ಗಂಡು ಸಿಕ್ಕ, ಇವಳಿಗೆ ಸಿಕ್ಕಿದ್ದು ಮೈಕು. “ಪಾಪ, ಇಷ್ಟು ಚೆನ್ನಾಗಿ ಹಾಡೋ ಹುಡುಗಿಗೆ!” ನಿಜವಾಗಿ ಆಕೆಗೆ 1941ರಲ್ಲೇ ಹ್ಯಾರಿ ಲೂಯಿಸ್ ಎಂಬ ಕ್ಲ್ಯಾರಿನೆಟ್ ವಾದಕನ ಜತೆ ಮದುವೆಯಾಗಿತ್ತು ಅಂದ ಮೇಲೇ ಅವರು ಎಲೆ ಬಾಯಿಗಿಟ್ಟಿದ್ದು. ನನ್ನ ಗುಮಾನಿ ಬೇರೆ: ಇಡೀ ಸೈನ್ಯ ತನ್ನ ಪ್ರೇಯಸಿ ಅಂತ ಕರೆಯುತ್ತಿದ್ದವಳನ್ನು ತೆರೆಯ ಮೇಲೆ ಒಬ್ಬನಿಗೆ ಧಾರೆಯೆರೆದರೆ ಉಳಿದವರಿಗೆ ಉತ್ತರ ಹೇಳುವವರು ಯಾರು?

ಬಿಬಿಸಿಯ ದೊಡ್ಡವರ ತಲೆನೋವು ಇನ್ನೊಂದು ಬಗೆಯದು. 1941ರ ನವೆಂಬರಿನಲ್ಲಿ ಆಕೆಯ ರೇಡಿಯೊ ಕಾರ್ಯಕ್ರಮ ಶುರುವಾಯಿತು. ಹಾಡಿನ ನಡುವೆ, ಹೆರಿಗೆಯಾದ ತಾಯಂದಿರನ್ನು ಮಾತಾಡಿಸಿ ಬಂದು, ದೂರದಲ್ಲಿದ್ದ ಅಪ್ಪಂದಿರಿಗೆ ಸುದ್ದಿ ಮುಟ್ಟಿಸುತ್ತಿದ್ದಳು. ಇಂಥದ್ದೆಲ್ಲ ಕೇಳಿದರೆ ಸಿಪಾಯಿಗಳು ಮೆತ್ತಗಾಗುತ್ತಾರೆ ಅಂತ ದೊಡ್ಡವರಿಗೆ ಭಯ. 1942ರಲ್ಲಿ ಕಣ್ಣೀರಿನ ಹಾಡುಗಳನ್ನು ಸೋಸಲು ಒಂದು ಸಮಿತಿಯೇ ಕೂತಿತು. ಕಾರ್ಯಕ್ರಮ ಹಿಡಿಸುವುದಿಲ್ಲ ಅಂತ ದಾಖಲಿಸಿದವರೇ, ಜನ ಮೆಚ್ಚಿದ್ದಾರೆ ಅಂತಲೂ ಬರೆದುಕೊಂಡರು. ಬೀಗರ ಮನೆಯ ಊಟ ನೆನಪಾಯಿತು: ಸಾರಿಗೆ ಉಪ್ಪು ಜಾಸ್ತಿ ಅನ್ನುತ್ತಲೇ ಎರಡು ಸಲ ಹಾಕಿಸಿಕೊಳ್ಳುವವರು ಅಲ್ಲೂ ಇರುತ್ತಾರೆ.

ಆ ಜನವಾದರೂ ಎಂಥವರು! ಸೈರನ್ ಕೂಗಿದಾಗ ಥಿಯೇಟರಿನ ಪರದೆ ಮೇಲೆ ಸೂಚನೆ ಬರುತ್ತಿತ್ತು: ಹೋಗುವವರು ಹೋಗಬಹುದು, ಆಟ ಮುಂದುವರಿಯುತ್ತದೆ. ಎಷ್ಟೋ ಮಂದಿ ಕೂತಲ್ಲಿಂದ ಏಳುತ್ತಿರಲಿಲ್ಲ. “ದುಡ್ಡು ಕೊಟ್ಟಿದಾರಲ್ಲ,” ಅಂದರು ಅತ್ತೆ.

1944ರಲ್ಲಿ ಆಕೆ ಬರ್ಮಾ ಗಡಿಯವರೆಗೂ ಬಂದು ಬ್ರಿಟಿಷರ ಹದಿನಾಲ್ಕನೇ ಸೇನೆಯ ಬಿಡಾರಗಳಲ್ಲಿ ಹಾಡಿದಳು. ಆ ಸೇನೆಯಲ್ಲಿ ನಮ್ಮ ದೇಶದವರೇ ಹೆಚ್ಚು. ಆ ಇಂಗ್ಲಿಷು ಅವರಲ್ಲಿ ಎಷ್ಟು ಜನಕ್ಕೆ ತಿಳಿಯುತ್ತಿತ್ತೋ, ‘ಮತ್ತೆ ಸಿಗೋಣ’ ಅನ್ನುವ ಮಾತಿಗೆ ದುಭಾಷಿ ಬೇಕಿರಲಿಲ್ಲ. ನಮ್ಮಲ್ಲಂತೂ ಹೊಸಿಲು ದಾಟುವಾಗ ಬರಿದೇ ‘ಹೋಗ್ತೀನಿ’ ಅಂದರೆ ಬೈಸಿಕೊಳ್ಳಬೇಕು, ‘ಹೋಗ್ಬರ್ತೀನಿ’ ಅನ್ನಲೇಬೇಕು. ಬ್ರಿಟನ್ನಿನವರಿಗೆ ಅಷ್ಟು ಹೇಳಲು ಒಂದು ಹಾಡು, ಒಂದು ಸಿನಿಮಾ, ಒಬ್ಬ ಗಾಯಕಿ ಬೇಕಾಯಿತು. ನಮ್ಮಜ್ಜಿ ಬಾಗಿಲಲ್ಲಿ ನಿಂತು ಒಂದೇ ಪದದಲ್ಲಿ ಮುಗಿಸುತ್ತಿದ್ದಳು.

ಅಂತೂ ಹಾಡು ಕೇಳಿ ಸಿಪಾಯಿಗಳು ಮೆತ್ತಗಾಗುತ್ತಾರೆ ಅಂದವರ ಲೆಕ್ಕ ತಪ್ಪಿತು. ತಿರುಗಿ ಬರಲು ಮನೆಯೊಂದಿದೆ ಅಂತ ನೆನಪಿರುವವನಿಗೆ ಕಷ್ಟ ತಡೆದುಕೊಳ್ಳಲು ಒಂದು ಕಾರಣ ಹೆಚ್ಚಿರುತ್ತದೆ. ವೆರಾ ಲಿನ್ 103 ವರ್ಷ ಬಾಳಿ 2020ರಲ್ಲಿ ತೀರಿಕೊಂಡಳು. ಸಿನಿಮಾ ಸಿಕ್ಕರೆ ನೀವೂ ನೋಡಿ. ಯುದ್ಧ ಕಾಣಲಿಲ್ಲ ಅಂತ ನನ್ನನ್ನು ಬೈಯಬೇಡಿ, ಅದನ್ನು ಆಗಲೇ ನಮ್ಮತ್ತೆ ಮಾಡಿಯಾಗಿದೆ.