ಫಾರಂ 8610-2 ಮಹಾಶಯರಿಗೊಂದು ಬಹಿರಂಗ ಪತ್ರ

ಮ।। ರಾ।। ರಾ।। ಫಾರಂ 8610-2 ಅವರ ಸನ್ನಿಧಾನಕ್ಕೆ,

ವಿಮಾನಯಾನದ ಉಸ್ತುವಾರಿ ಹೊತ್ತ ಅಮೆರಿಕದ ಫೆಡರಲ್ ಏವಿಯೇಷನ್ ಅಡ್ಮಿನಿಸ್ಟ್ರೇಷನ್ ಎಂಬ ದೊಡ್ಡ ಮನೆಯಲ್ಲಿ, ಮೆಕ್ಯಾನಿಕ್, ರಿಪೇರ್‌ಮನ್, ಪ್ಯಾರಾಚೂಟ್ ರಿಗ್ಗರ್ ಸರ್ಟಿಫಿಕೇಟುಗಳಿಗೆ ಹಾಕುವ ಅರ್ಜಿಯಾಗಿ, ತಾವು ಸುಖವಾಗಿದ್ದೀರೆಂದು ನಂಬಿದ್ದೇನೆ.

ನಾನು ವಿಮಾನದ ಮೆಕ್ಯಾನಿಕ್ ಅಲ್ಲ, ರಿಪೇರಿಯವನಲ್ಲ, ಪ್ಯಾರಾಚೂಟ್ ಮಡಿಸುವ ರಿಗ್ಗರ್ ಅಂತೂ ಮೊದಲೇ ಅಲ್ಲ. ಕಿಟಕಿ ಪಕ್ಕ ಕೂತು, ರೆಕ್ಕೆಯ ಮೇಲಿನ ಸ್ಕ್ರೂ ಎಣಿಸುತ್ತಾ ದೇವರ ನಾಮ ಹೇಳಿಕೊಳ್ಳುವ ಜಾತಿ. ಹಾಗಿದ್ದೂ ಬರೆಯುತ್ತಿದ್ದೇನೆ, ಯಾಕೆಂದರೆ ಅಭಿಪ್ರಾಯ ಕೇಳಿದವರು ತಾವೇ. ಪೇಪರ್‌ವರ್ಕ್ ರಿಡಕ್ಷನ್ ಆಕ್ಟ್ ಎಂಬ 1980ರ ಕಾನೂನು ತಮ್ಮ ದೇಶದಲ್ಲಿದೆಯಲ್ಲ? ಅದರ ಪ್ರಕಾರ ಜನರಿಂದ ಮಾಹಿತಿ ಕೇಳುವ ಪ್ರತಿ ಫಾರಂಗೂ ಒಂದು ಅನುಮತಿ ಸಂಖ್ಯೆ ಬೇಕು. ತಮ್ಮದು 2120-0022. ಅದಕ್ಕೆ ಹೆಚ್ಚೆಂದರೆ ಮೂರು ವರ್ಷ ಆಯಸ್ಸು. ಮುಗಿಯುವ ಮೊದಲು ಫೆಡರಲ್ ರಿಜಿಸ್ಟರ್‌ನಲ್ಲಿ ಪ್ರಕಟಣೆ ಕೊಟ್ಟು, ‘ಈ ಮಾಹಿತಿ ನಿಜಕ್ಕೂ ಬೇಕೇ, ಹೊರೆ ಇಳಿಸಬಹುದೇ’ ಎಂದು 60 ದಿನ ಜನರನ್ನು ಕೇಳಬೇಕು. ಅದಾದ ಮೇಲೆ ಇನ್ನೊಮ್ಮೆ 30 ದಿನ. ಕಾಗದ ಕಡಿಮೆ ಮಾಡಲು ಇಷ್ಟೊಂದು ಕಾಗದ ಓಡಾಡಿಸುವ ಸರ್ಕಾರವನ್ನು ಕಂಡರೆ, ಪಹಣಿಗೂ ಜಾತಿ ಪ್ರಮಾಣಪತ್ರಕ್ಕೂ ಕ್ಯೂ ನಿಂತು ಬೆಳೆದ ನಮಗೆ ಪರದೇಶ ಅನ್ನಿಸುವುದೇ ಇಲ್ಲ.

ತಮ್ಮ ಮೊದಲ ಭಾಗವನ್ನು ಓದಿದೆ. ಹೆಸರು, ವಿಳಾಸ ಸರಿ. ಆಮೇಲೆ ಎತ್ತರ, ತೂಕ, ಕೂದಲಿನ ಬಣ್ಣ, ಕಣ್ಣಿನ ಬಣ್ಣ. ಹುಟ್ಟಿದ ತಾರೀಕು, ಹುಟ್ಟಿದ ಊರು ಎರಡನ್ನೂ ಕೇಳಿದ್ದೀರಿ. ಗಳಿಗೆಯೊಂದನ್ನು ಸೇರಿಸಿದ್ದರೆ ಜಾತಕವನ್ನೇ ಬರೆಸಬಹುದಿತ್ತು. ಬೋಲ್ಟ್ ಬಿಗಿಯುವವನ ಕಣ್ಣು ನೀಲಿಯೋ ಕಂದೋ ಎಂಬುದರಿಂದ ಬೋಲ್ಟಿಗೆ ಏನಾಗುತ್ತದೆ? ಆ ಕಣ್ಣು ಬೋಲ್ಟನ್ನು ನೋಡಿತೇ ಎಂದು ಕೇಳಲು ಮಾತ್ರ ತಮ್ಮಲ್ಲಿ ಜಾಗವಿಲ್ಲ. ಮೆಕ್ಯಾನಿಕ್ ಆಗಲು ಏರ್‌ಫ್ರೇಮ್ ಎಂಬ ವಿಮಾನದ ಒಡಲು ಅಥವಾ ಪವರ್‌ಪ್ಲಾಂಟ್ ಎಂಬ ಎಂಜಿನ್, ಒಂದಕ್ಕಾದರೆ 18 ತಿಂಗಳ ಕೈಕೆಲಸ. ಎರಡೂ ಬೇಕೆಂದರೆ 30 ತಿಂಗಳು. ಅಷ್ಟು ತಿಂಗಳ ಗ್ರೀಸು, ಬೆವರು, ಹಿರಿಯರ ಬೈಗುಳ ಎಲ್ಲವೂ ಅನುಭವದ ಕಾಲಂನ ನಾಲ್ಕಾರು ಗೆರೆಯಲ್ಲಿ ಹಿಡಿಯಬೇಕು.

ಇಂಗ್ಲಿಷ್ ವಿಷಯದಲ್ಲಿ ತಮ್ಮ ಮನೆಯವರು ತೋರಿಸಿದ ಔದಾರ್ಯಕ್ಕೆ ದೊಡ್ಡ ನಮಸ್ಕಾರ. ಮೆಕ್ಯಾನಿಕ್ ಆಗುವವನಿಗೆ ಇಂಗ್ಲಿಷ್ ಓದಲು, ಬರೆಯಲು, ಮಾತಾಡಲು, ಅರ್ಥ ಮಾಡಿಕೊಳ್ಳಲು ಬರಬೇಕು. ಬರದವನು ಅಮೆರಿಕದ ವಿಮಾನ ಸಂಸ್ಥೆಗೆ ಹೊರದೇಶದಲ್ಲಿ ದುಡಿಯುತ್ತಿದ್ದರೆ? ಅವನಿಗೂ ಸರ್ಟಿಫಿಕೇಟ್ ಉಂಟು, ‘ಅಮೆರಿಕದ ಹೊರಗೆ ಮಾತ್ರ ಮಾನ್ಯ’ ಎಂಬ ಷರಾ ಸಮೇತ. ಅವನು ಅಲ್ಲಿ ಬಿಗಿದ ನಟ್ಟು ಮಾರನೇ ದಿನ ಚಿಕಾಗೋದಲ್ಲಿ ಇಳಿಯುತ್ತದೆ. ನಟ್ಟಿಗೆ ವೀಸಾ ಬೇಡವಲ್ಲ.

ರಿಪೇರ್‌ಮನ್ ಎಂಬವನ ಪಾಡು ಇನ್ನೂ ಸೊಗಸು. ಧಣಿ ಶಿಫಾರಸು ಮಾಡಿದರೆ ಸರ್ಟಿಫಿಕೇಟ್, ಆ ಧಣಿಯ ಕೆಲಸ ಬಿಟ್ಟರೆ ಅದೂ ಹೋಯಿತು. ಕೈಗೆ ಬಂದ ವಿದ್ಯೆ ಗೇಟು ದಾಟುವಾಗ ವಾಚ್‌ಮನ್ ಹತ್ತಿರವೇ ಉಳಿಯುತ್ತದೆಂದು ತಮ್ಮ ನಂಬಿಕೆ ಇರಬೇಕು.

ಈಗ ರಿಗ್ಗರ್ ವಿಷಯ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ತಮ್ಮ ಮೇಲೆ ನನಗೆ ನಿಜವಾದ ಗೌರವ ಹುಟ್ಟಿದ್ದು ಇಲ್ಲಿಯೇ. ಸೀನಿಯರ್ ರಿಗ್ಗರ್ ಆಗಲು ಒಂದು ಬಗೆಯ ಪ್ಯಾರಾಚೂಟುಗಳನ್ನು ಬಲ್ಲವರ ಕಣ್ಣೆದುರು ಕನಿಷ್ಠ 20 ಸಲ ಮಡಿಸಿರಬೇಕು. ಮಾಸ್ಟರ್ ಆಗಲು ಮೂರು ವರ್ಷದ ಅನುಭವ, ಎರಡು ಬಗೆಗಳಲ್ಲಿ ತಲಾ 100. ಮಡಿಸಲು ನುಣುಪಾದ ಮೇಜು ಬೇಕು, ಅಗಲ ಮೂರು ಅಡಿ, ಉದ್ದ 40 ಅಡಿ. ಬೆಂಗಳೂರಿನ ಥರ್ಟಿ-ಫಾರ್ಟಿ ಸೈಟಿನ ಉದ್ದಕ್ಕೂ ಹಾಸಿದರೆ ಗೋಡೆ ಕಟ್ಟಲೂ ಜಾಗ ಉಳಿಯದಷ್ಟು ಮೇಜು! ಮಡಿಸಿ ಮುಗಿದ ಮೇಲೆ ರಿಗ್ಗರ್ ಪಿನ್ನಿಗೆ ದಾರ ಸುತ್ತಿ, ಅದರ ಮೇಲೆ ಪುಟ್ಟ ಸೀಸದ ಗುಂಡು ಕೂರಿಸಿ, ಇಕ್ಕಳದಂಥ ಪ್ರೆಸ್ಸಿನಲ್ಲಿ ಒತ್ತುತ್ತಾನೆ. ಸೀಸದ ಮೇಲೆ ಅವನಿಗೆ ಕೊಟ್ಟ ಗುರುತು ಮೂಡುತ್ತದೆ. ಜೊತೆಗಿರುವ ಕಾರ್ಡಿನಲ್ಲಿ ತಾರೀಕು, ಸ್ಥಳ, ಕಂಡ ದೋಷ, ಸಹಿ, ಸರ್ಟಿಫಿಕೇಟ್ ನಂಬರು. ಅವನ ದಫ್ತರದಲ್ಲಿ ಇದರ ದಾಖಲೆ ಎರಡು ವರ್ಷ ಇರಬೇಕು. ಸಿಂಥೆಟಿಕ್ ಬಟ್ಟೆಯ ರಿಸರ್ವ್ ಪ್ಯಾರಾಚೂಟನ್ನು 180 ದಿನ ಕಳೆಯುವುದರೊಳಗೆ ಬಿಚ್ಚಿ ಮತ್ತೆ ಮಡಿಸಬೇಕು, ಮತ್ತೆ ಸೀಸ, ಮತ್ತೆ ಸಹಿ. ಮೊದಲು ಬಿಚ್ಚಿಕೊಳ್ಳುವ ಮುಖ್ಯ ಪ್ಯಾರಾಚೂಟನ್ನೋ, ಹಾರುವವನೇ ತನ್ನ ಪಾಡಿಗೆ ಮಡಿಸಿಕೊಳ್ಳಬಹುದು. ಅಂದರೆ ಮೊದಲ ತಪ್ಪು ಹಾರುವವನ ಇಷ್ಟ, ಎರಡನೆಯದಕ್ಕೆ ಮಾತ್ರ ರುಜು ಬೇಕು. ಒಪ್ಪಿದೆ. ಒಬ್ಬನ ಜೀವಕ್ಕೆ ಇನ್ನೊಬ್ಬನ ಹೆಸರು ಅಂಟಿಸುವ ಇಂಥ ಕಾಗದಕ್ಕೆ ನನ್ನ ತಕರಾರಿಲ್ಲ.

ತಕರಾರಿರುವುದು ಬೇರೆ ಕಡೆ. 2024ರ ಜನವರಿ 5ರಂದು ಪೋರ್ಟ್‌ಲ್ಯಾಂಡ್‌ನಿಂದ ಹೊರಟ ಅಲಾಸ್ಕಾ ಏರ್‌ಲೈನ್ಸ್‌ನ ಬೋಯಿಂಗ್ 737-9 ಸುಮಾರು 15,000 ಅಡಿ ಏರುವಷ್ಟರಲ್ಲಿ ಡೋರ್ ಪ್ಲಗ್, ಅಂದರೆ ಬಾಗಿಲಿನ ಜಾಗ ಮುಚ್ಚುವ ಹಲಗೆ, ಕಿತ್ತು ಹಾರಿತು. ಒಳಗಿದ್ದ 177 ಮಂದಿಯೂ ಬದುಕಿದರು. ತನಿಖೆ ನಡೆಸಿದ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಎನ್‌ಟಿಎಸ್‌ಬಿ ಕಂಡದ್ದು ಇಷ್ಟು: ಬೋಯಿಂಗ್‌ನ ರೆಂಟನ್ ಕಾರ್ಖಾನೆಯಲ್ಲಿ ರಿವೆಟ್ ಸರಿಪಡಿಸಲು ಆ ಹಲಗೆಯನ್ನು ತೆಗೆದಿದ್ದರು, ವಾಪಸ್ ಕೂರಿಸುವಾಗ ನಾಲ್ಕು ಬೋಲ್ಟ್ ಹಾಕಿರಲಿಲ್ಲ. ತೆಗೆದವರು ಯಾರು? ಅದಕ್ಕೆ ಇರಲೇಬೇಕಿದ್ದ ದಾಖಲೆಯೇ ಸಿಗಲಿಲ್ಲ.

ತಮ್ಮನ್ನು ದೂರುತ್ತಿಲ್ಲ. ತಾವು ಅಲ್ಲಿ ಇರಲೇ ಇಲ್ಲ. ಕಾರ್ಖಾನೆಯಲ್ಲಿ ಹೊಸ ವಿಮಾನ ಕಟ್ಟುವ ಕೆಲಸಗಾರನಿಗೆ ತಮ್ಮ ಸರ್ಟಿಫಿಕೇಟ್ ಕಡ್ಡಾಯವಲ್ಲ. ಕಂಪನಿಗೆ ಕೊಟ್ಟ ಉತ್ಪಾದನಾ ಪರವಾನಗಿ, ಅದರ ಗುಣಮಟ್ಟದ ವ್ಯವಸ್ಥೆ, ಇವೇ ಎಲ್ಲರ ಪರವಾಗಿ ಉತ್ತರ ಕೊಡಬೇಕು. ಅತ್ತ ತನ್ನ ಶೆಡ್ಡಿನಲ್ಲಿ ಪುಟ್ಟ ವಿಮಾನ ಕಟ್ಟಿಕೊಂಡ ಹವ್ಯಾಸಿ ಅದನ್ನು ವರ್ಷಕ್ಕೊಮ್ಮೆ ತಾನೇ ತಪಾಸಣೆ ಮಾಡಬೇಕೆಂದರೆ ತಮ್ಮ ಬಾಗಿಲಿಗೇ ಬಂದು, ತೂಕ ಎತ್ತರ ಬರೆದು, ಆ ಒಂದೇ ವಿಮಾನಕ್ಕೆ ಒಂದು ರಿಪೇರ್‌ಮನ್ ಸರ್ಟಿಫಿಕೇಟ್ ಪಡೆಯಬೇಕು. ಸಿಕ್ಕಿದವನನ್ನು ಗಟ್ಟಿಯಾಗಿ ಹಿಡಿಯುವುದು ಕಚೇರಿಗಳ ಹುಟ್ಟುಗುಣ.

ಚಾರ್ಲ್ಸ್ ಟೇಲರ್ ಅವರ ನೆನಪು ಬರುತ್ತದೆ. ಡೇಟನ್‌ನ ಸೈಕಲ್ ಅಂಗಡಿಯಲ್ಲಿ ಸುಮಾರು ಆರು ವಾರಗಳಲ್ಲಿ, ಚೂರು ಕಾಗದದ ಮೇಲಿನ ಕಚ್ಚಾ ಚಿತ್ರಗಳನ್ನೇ ನೋಡಿಕೊಂಡು, ರೈಟ್ ಸೋದರರ 1903ರ ವಿಮಾನಕ್ಕೆ ಎಂಜಿನ್ ಮಾಡಿಕೊಟ್ಟ ಪುಣ್ಯಾತ್ಮ. ಮೆಕ್ಯಾನಿಕ್‌ಗಳಿಗೆ ಲೈಸೆನ್ಸ್ ಎಂಬುದು ಹುಟ್ಟಿದ್ದೇ ವಿಮಾನಯಾನ ಕುರಿತ 1926ರ ಕಾಯ್ದೆಯ ನಂತರ. ಈಗ ಮೆಕ್ಯಾನಿಕ್ ಸರ್ಟಿಫಿಕೇಟಿನ ಮೇಲೆ ಅವರದೇ ಚಿತ್ರ. ಅವರ ಹೆಸರಿನ ಪ್ರಶಸ್ತಿ ಬೇಕಾದವರು 50 ವರ್ಷ ದುಡಿದಿರಬೇಕು, ಜೊತೆಗೆ ಮೂರು ಶಿಫಾರಸು ಪತ್ರ ಲಗತ್ತಿಸಬೇಕು! ಸ್ವತಃ ಟೇಲರ್ ಆ ಎಂಜಿನ್ ಹೊತ್ತುಕೊಂಡು ಬಂದಿದ್ದರೆ ತಾವು ಮೊದಲು ಕೇಳುತ್ತಿದ್ದದ್ದು ಅನುಭವ ಪತ್ರವನ್ನೇ.

ಆದ್ದರಿಂದ ಸಾರ್ವಜನಿಕ ಅಭಿಪ್ರಾಯದ ರೂಪದಲ್ಲಿ ನನ್ನದೊಂದು ಮನವಿ. ತಾವು ಕೆಲವು ತಿಂಗಳು ರೆಂಟನ್‌ಗೆ ಓಓಡಿ, ಅಂದರೆ ಅನ್ಯ ಕರ್ತವ್ಯದ ಮೇಲೆ, ಹೋಗಿಬನ್ನಿ. ಅಲ್ಲಿ ತೆಗೆದ ಪ್ರತಿ ಹಲಗೆಯ ಪಕ್ಕ ನಿಂತು ಎರಡೇ ಪ್ರಶ್ನೆ ಕೇಳಿ: ತೆಗೆದವರು ಯಾರು, ಹಾಕಿದವರು ಯಾರು? ಜಾಗ ಸಾಲದಿದ್ದರೆ ಕೂದಲಿನ ಕೋಷ್ಟಕ ಅಳಿಸಿಕೊಳ್ಳಿ. ಈ ಎರಡು ಪ್ರಶ್ನೆ ಸೇರಿಸಲಿಕ್ಕೂ ಮತ್ತೆ 60 ದಿನ, ಆಮೇಲೆ 30 ದಿನ ಪ್ರಕಟಣೆ ಕೊಡಬೇಕೆಂದು ಬಲ್ಲೆ. ಕೊಡಿ. ಅಲ್ಲಿಯವರೆಗೆ ನಾನು ಸೀಟು ಕಾದಿರಿಸುವಾಗ ನಡುದಾರಿ ಪಕ್ಕದ್ದನ್ನೇ ಕೇಳುತ್ತೇನೆ.

ಇತಿ,
ತಮ್ಮ ವಿಧೇಯ ಪ್ರಯಾಣಿಕ