ಮಾವನ ಗುಡುಗು

ಸೋದರಮಾವ ಹೋದ ಮೇಲೆ ತೋಟ ಅವರ ಮಗನ ಪಾಲಾಯಿತು, ಹೋಮ್ ಥಿಯೇಟರ್ ನನ್ನ ಪಾಲಿಗೆ ಬಂತು. 5.1 ಅಂದರೆ ಐದು ಸ್ಪೀಕರ್, ಒಂದು ಸಬ್‌ವೂಫರ್. ಚುಕ್ಕಿಯ ಬಲಕ್ಕಿರುವ ಆ ಒಂದು ಸಬ್‌ವೂಫರೇ ನಮ್ಮ ಹಾಲಿನ ಅರ್ಧ ಜಾಗ ನುಂಗಿತು.

ಆನ್ ಮಾಡಿದರೆ ಸಬ್‌ವೂಫರ್ ಗೊರಗೊರ ಎಂದಿತು, ಥೇಟ್ ಮಾವನ ಗೊರಕೆ! ಜಾಲರಿ ತೆಗೆದು ನೋಡಿದೆ. ಕೋನ್ ಸುತ್ತಲಿನ ಫೋಮ್ ಬಳೆ ಹಳೇ ರಸ್ಕಿನ ಹಾಗೆ ಮುಟ್ಟಿದಲ್ಲೆಲ್ಲ ಪುಡಿ. ವಯಸ್ಸಾದ ಫೋಮಿಗೆ ಇದು ಮಾಮೂಲಿ ಕಾಯಿಲೆ.

"ಹೊಸ ಸೆಟ್ಟೇ ತಗೊಂಡ್ಬಿಡಿ ಸಾರ್" ಎಂದ ಎಸ್.ಪಿ. ರಸ್ತೆಯ ಅಂಗಡಿಯವ. ಬಜೆಟ್ 1,500 ರೂಪಾಯಿ ಎಂದೆ. ಅಲ್ಲಿಂದಾಚೆ "ಸಾರ್" ಬಿಟ್ಟುಹೋಯಿತು. ಆದರೂ ಪುಣ್ಯಾತ್ಮ ಫೋಮ್ ಬಳೆ ಹುಡುಕಿಕೊಟ್ಟ, ಅಂಟನ್ನೂ ಕೊಟ್ಟ.

ಅಂಟಿಸುವಾಗ ಕೋನ್ ಒಂದೆಳೆ ವಾರೆಯಾದರೂ ಒಳಗಿನ ಸುರುಳಿ ಉಜ್ಜುತ್ತದೆ. ಮಗು ಹಿಡಿದಂತೆ ಹಿಡಿದು ಕೂತೆ. ಈಗ ಅಡುಗೆಮನೆಯ ಸ್ಟೀಲ್ ಲೋಟಗಳು ತಾಳ ಹಾಕುತ್ತವೆ.

ಆದರೆ ಹೊಸ ಟೀವಿಗೂ ಹಳೇ ಆಂಪ್ಲಿಫೈಯರಿಗೂ ಮಾತುಕತೆಯಿಲ್ಲ. ಟೀವಿಯದು ಆಪ್ಟಿಕಲ್, ಆಂಪ್ಲಿಫೈಯರಿನದು ಕೆಂಪು-ಬಿಳಿ ಪಿನ್. ನಡುವೆ ದುಭಾಷಿಯಾಗಿ ಬೆಂಕಿಪೊಟ್ಟಣದಷ್ಟು ಕನ್ವರ್ಟರ್ ತಂದೆ. ಅದು ದಾಟಿಸುವುದು ಎರಡೇ ಚಾನೆಲ್. ಹಿಂದಿನ ಸ್ಪೀಕರುಗಳೆರಡೂ ಮೌನವ್ರತ ಹಿಡಿದಿವೆ.

ಒಂದರ ಮೇಲೆ ನಮ್ಮವಳು ಆಗಲೇ ಮನಿ ಪ್ಲಾಂಟ್ ಇಟ್ಟಿದ್ದಾಳೆ.