ಮವಾಲೇಹಿನ ಹೇಮಂತ

ಮಸ್ಕತ್ತಿನ ಪಶ್ಚಿಮಕ್ಕೆ, ಸೀಬ್ ವಿಲಾಯತಿಗೆ ಸೇರಿದ ಅಲ್ ಮವಾಲೇಹಿನಲ್ಲಿ ನೆಲಸಿರುವ ನಮ್ಮ ಮನೆಯಲ್ಲಿ ಜೂನ್ ಮಾಸವಿಡೀ ಉಣ್ಣೆಯ ಮಫ್ಲರು, ಕುಲಾವಿ, ಕೈಗವಸುಗಳ ಹೆಣಿಗೆ ಅವಿಚ್ಛಿನ್ನವಾಗಿ ಸಾಗುತ್ತದೆಂದು ಕೇಳಿದ ಊರಿನ ಬಂಧುಗಳು, ಮರುಭೂಮಿಯ ಬಿಸಿಲು ನಮ್ಮ ನೆತ್ತಿಗೇರಿರಬೇಕೆಂದು ಶಂಕಿಸಿದರೆ ಅದು ಅವರ ತಪ್ಪಲ್ಲ. ಇದೇ ಮಸ್ಕತ್ ಪ್ರಾಂತ್ಯದ ಕಡಲತಡಿಯ ಕುರಿಯಾತಿನಲ್ಲಿ, 2018ರ ಜೂನ್ ತಿಂಗಳ ಒಂದು ಅಹೋರಾತ್ರ ಉಷ್ಣಮಾನವು 42.6 ಡಿಗ್ರಿಗಿಂತ ಕೆಳಗೆ ಇಳಿಯಲೇ ಇಲ್ಲ. ಅದು ನಡುಹಗಲಿನ ಪರಮಾವಧಿಯಲ್ಲ, ಆ ದಿನದ ಅತ್ಯಂತ ತಂಪಾದ ಗಳಿಗೆಯ ಲೆಕ್ಕ! ಆದರೆ ಬಂಧುಗಳಿಗೆ ತಿಳಿಯದ ಸಂಗತಿಯೆಂದರೆ, ಇಲ್ಲಿ ಋತುಗಳಿಗೆ ಕಾರಣ ಸೂರ್ಯನ ಗತಿಯಲ್ಲ, ಗೋಡೆಯ ಮೇಲಿನ ಏಸಿ. ಹೊಸ್ತಿಲಾಚೆ ಗ್ರೀಷ್ಮ, ಹೊಸ್ತಿಲೀಚೆ ಹೇಮಂತ. ಆರು ಋತುಗಳಿಗೆ ಆರು ಸರ್ಗಗಳನ್ನು ಮೀಸಲಿರಿಸಿದ ಋತುಸಂಹಾರದ ಕವಿಯು ಈ ಕಾಲದಲ್ಲಿ ಇಲ್ಲಿ ಬಾಳಿದ್ದರೆ, ರಿಮೋಟಿಗೆಂದು ಏಳನೆಯ ಸರ್ಗವೊಂದನ್ನು ಖಂಡಿತ ರಚಿಸುತ್ತಿದ್ದನು.

ಹದಿನೆಂಟು ಡಿಗ್ರಿಗಿಟ್ಟು ಮಫ್ಲರು ಸುತ್ತಿಕೊಳ್ಳುವುದಕ್ಕಿಂತ ಇಪ್ಪತ್ತೈದಕ್ಕಿಟ್ಟು ಬನಿಯನ್ನಿನಲ್ಲಿರುವುದು ಯುಕ್ತವಲ್ಲವೇ ಎಂದು ನಾನೊಮ್ಮೆ ಸವಿನಯವಾಗಿ ನಿವೇದಿಸಿಕೊಂಡೆನು. ಸೀದಾ ಎರಡು, ಉಲ್ಟಾ ಎರಡು ಎಂದು ಜಪಿಸುತ್ತಿದ್ದ ನನ್ನಾಕೆಯು ಕಡ್ಡಿಗಳಿಂದ ದೃಷ್ಟಿ ತೆಗೆಯದೆಯೇ, "ಆಮೇಲೆ ಇಷ್ಟು ಉಲ್ಲನ್ ಏನು ಮಾಡೋದು ರೀ?" ಎಂದಳು. ತರ್ಕಶಾಸ್ತ್ರದಲ್ಲಿ ಇದಕ್ಕೆ ಪ್ರತಿವಾದವಿದ್ದೀತು; ಗೃಹಸ್ಥಾಶ್ರಮದಲ್ಲಿ ಇಲ್ಲ. ಈ ನಾಡಿನ ಗಂಡಸರು ಧರಿಸುವ ಕುಮ್ಮಾ ಟೋಪಿಯನ್ನು ನೋಡಿದಾಗಲೆಲ್ಲ ನನಗೆ ಮತ್ಸರವಾಗುವುದುಂಟು. ಸೂಜಿಯೊಂದರಿಂದಲೇ ತಿಂಗಳುಗಟ್ಟಲೆ ಕೂತು ಕಸೂತಿ ಹಾಕಿ, ನೆತ್ತಿಗೆ ಗಾಳಿಯಾಡಲೆಂದು ಸಣ್ಣ ಸಣ್ಣ ರಂಧ್ರಗಳನ್ನು ಬಿಟ್ಟಿರುವ ಆ ಟೋಪಿಯ ವಿವೇಕವೆಲ್ಲಿ, ಕಿವಿ ಗಲ್ಲಗಳೆರಡನ್ನೂ ಮುಚ್ಚಿ ನನ್ನನ್ನು ಜಾತ್ರೆಯ ಕೋಡಂಗಿಯಂತೆ ಮಾಡುವ ಈ ಮಂಕಿ ಟೋಪಿಯೆಲ್ಲಿ!

ಅದು ಚುಚ್ಚುತ್ತದೆಂಬ ನನ್ನ ಆಕ್ಷೇಪಣೆಯಿಂದಲೇ ಹೊಲಿಗೆ ಯಂತ್ರದ ಪರ್ವವು ಆರಂಭವಾಯಿತು. ಒಳಗಡೆ ಮೆತ್ತನೆಯ ಲೈನಿಂಗ್ ಹೊಲಿಯುವುದಕ್ಕೆಂದು, ಮೈಸೂರಿನಲ್ಲಿ ಅತ್ತೆಯವರ ಅಟ್ಟದ ಮೇಲೆ ಮೂಲೆ ಸೇರಿದ್ದ ಕಲ್ಕತ್ತೆಯ ಉಷಾ ಯಂತ್ರವು ಹಪ್ಪಳ, ಸಂಡಿಗೆ, ಉಪ್ಪಿನಕಾಯಿಗಳಿಗೆ ಸಲ್ಲಬೇಕಾದ ತೂಕವನ್ನು ಅನ್ಯಾಯವಾಗಿ ಆಕ್ರಮಿಸಿಕೊಂಡು ವಿಮಾನವೇರಿತು. ಬಂದದ್ದು ಎರಕದ ಕಬ್ಬಿಣದ ತಲೆ ಮಾತ್ರ. ಕಾಲಿನಿಂದ ತುಳಿಯುವ ಸ್ಟ್ಯಾಂಡಾದರೋ, ಬೆಂಗಳೂರಿನ ಷೋಕಿಯ ಹೋಟೆಲುಗಳಲ್ಲಿ ಅದರ ಎಷ್ಟೋ ಜ್ಞಾತಿಗಳು ಆಗಿರುವಂತೆ, ಕಲ್ಲುಹಾಸು ಹೊತ್ತು ಕಾಫಿ ಮೇಜಾಗಿ ಎಂದೋ ಸದ್ಗತಿ ಪಡೆದಿತ್ತು.

ಯಂತ್ರಗಳ ವಿಷಯದಲ್ಲಿ ಕಠೋರರಾಗಿದ್ದ ಗಾಂಧೀಜಿಯವರು 1924ರಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೊಂದು ವಿನಾಯಿತಿ ಕೊಟ್ಟರೆಂಬುದನ್ನು ಅನೇಕರು ಬಲ್ಲರು. ಹೆಂಡತಿ ಕೈಯಲ್ಲಿ ಹೊಲಿದು ದಣಿಯುವುದನ್ನು ಕಾಣಲಾರದೆ ಪ್ರೇಮದಿಂದ ಸಿಂಗರನು ಅದನ್ನು ನಿರ್ಮಿಸಿದನೆಂಬುದು ಮಹಾತ್ಮರ ನಂಬಿಕೆ. 1851ರಲ್ಲಿ ಪೇಟೆಂಟ್ ಪಡೆದ ಆ ಮಹಾನುಭಾವನು ಒಂದಕ್ಕಿಂತ ಹೆಚ್ಚು ಸಂಸಾರಗಳನ್ನು ಏಕಕಾಲದಲ್ಲಿ ನಡೆಸಿ, ಇಪ್ಪತ್ತಕ್ಕೂ ಮಿಕ್ಕ ಮಕ್ಕಳಿಗೆ ತಂದೆಯಾದವನು. ಆದುದರಿಂದ ಯಾವ ಹೆಂಡತಿಯ ದಣಿವು ಅವನ ಕಣ್ಣಿಗೆ ಬಿತ್ತೆಂಬುದು ಸಂಶೋಧನಾರ್ಹ ವಿಷಯ. ನಮ್ಮ ಮನೆಯಲ್ಲಿ ದಣಿದವನು ನಾನು. ದಶಕಗಳ ಹಿಂದಿನ ಎಣ್ಣೆಯು ಅಂಟಾಗಿ ಗಟ್ಟಿಕಟ್ಟಿ, ಚಕ್ರವು ಕೂದಲೆಳೆಯಷ್ಟೂ ಅಲುಗದಾಗಿತ್ತು. ಊರಾಗಿದ್ದರೆ ರಿಪೇರಿಯವನು ಸೀಮೆಎಣ್ಣೆಯಲ್ಲಿ ನೆನೆಹಾಕುತ್ತಿದ್ದನು. ನಾನೋ, ಯಂತ್ರದ ರಂಧ್ರಗಳಿಗೆಲ್ಲ ಹೊಸ ಎಣ್ಣೆ ತೊಟ್ಟಿಕ್ಕಿ, ಮವಾಲೇಹಿನ ಸೂರ್ಯನಾರಾಯಣನ ಸನ್ನಿಧಿಗೆ, ಎಂದರೆ ತಾರಸಿಗೆ, ಹೊತ್ತೊಯ್ದು ಇಳುಹಿದೆನು. ಸಂಜೆಯ ವೇಳೆಗೆ ಮುಟ್ಟಲಾಗದಷ್ಟು ಕಾದಿದ್ದ ಆ ಕಬ್ಬಿಣದೊಳಗಿನ ಹಳೆಯ ಅಂಟು ಕರಗಿ ಕಂದುದ್ರವವಾಗಿ ಒಸರಿತು. ಬಟ್ಟೆ ಸುತ್ತಿದ ಕೈಯಿಂದ ತಿರುಗಿಸಲು ಚಕ್ರವು ನರಳಿ, ಕೆಮ್ಮಿ, ಕಡೆಗೆ ಉರುಳಿಯೇ ಉರುಳಿತು. ಶಟಲ್ಲಿನ ಗೂಡಿನಿಂದ ಅತ್ತೆಯವರ ಯೌವನಕಾಲದ ರವಿಕೆಗಳ ನೂಲಿನ ಜುಂಗನ್ನೆಲ್ಲ ಕೆದಕಿ ತೆಗೆದು, ಹೊಸ ಸೂಜಿಯಿಕ್ಕಿ, ಕೈಹಿಡಿಯೊಂದನ್ನು ಜೋಡಿಸಿದ ಮೇಲೆ, ಹೆಣಿಗೆಯು ಹಿಗ್ಗದಂತೆ ಅಡಿಗೆ ತೆಳುಗಾಗದವಿರಿಸಿ ಲೈನಿಂಗ್ ಹೊಲಿದದ್ದೂ ಆಯಿತು. ಟೋಪಿ ಚುಚ್ಚುವುದು ನಿಂತಿತು. ಅದನ್ನು ಧರಿಸದಿರಲು ನನಗಿದ್ದ ಏಕೈಕ ನೆಪವೂ ಅದರೊಂದಿಗೆ ನಷ್ಟವಾಯಿತು.

ಡಿಸೆಂಬರ್ ಬಂದು ಏಸಿಯ ಬಾಯಿ ಮುಚ್ಚಿದಾಗ, ಸುಮಾರು ಮೂರು ಸಾವಿರ ಮೀಟರ್ ಔನ್ನತ್ಯದ, ಚಳಿಗಾಲದ ಇರುಳಿನಲ್ಲಿ ನೀರು ಹೆಪ್ಪುಗಟ್ಟಬಲ್ಲ ಜಬಲ್ ಶಮ್ಸ್ ಪರ್ವತಕ್ಕೆ ಸಕುಟುಂಬವಾಗಿ ತೆರಳಿದೆವು. ಕಮರಿಯ ಅಂಚಿನಲ್ಲಿ ಬೀಸಿದ ಗಾಳಿಗೆ ಹಲ್ಲುಗಳು ತಾಳ ಹಾಕಲಾರಂಭಿಸಲು, ಆ ಮಫ್ಲರು ಟೋಪಿಗಳನ್ನು ಚೀಲದಿಂದ ಈಚೆಗೆ ತೆಗೆಯೆಂದು ಜೀವಮಾನದಲ್ಲಿ ಪ್ರಥಮಬಾರಿಗೆ ನಾನಾಗಿಯೇ ಬೇಡಿದೆನು.

"ಅವೆಲ್ಲಿ ತರೋಕಾಗತ್ತೆ?" ಎಂದು ನನ್ನಾಕೆಯು ಸೆರಗನ್ನು ಬಿಗಿಯಾಗಿ ಹೊದೆಯುತ್ತ ವಿಸ್ಮಯದಿಂದ ನುಡಿದಳು. "ಚಳಿಗಾಲ ಬಂತಲ್ಲಾ ಅಂತ ನುಸಿಗುಳಿಗೆ ಹಾಕಿ ಪೆಟ್ಟಿಗೇಲಿ ಎತ್ತಿಟ್ಟಿದೀನಿ ರೀ."